ಗಾಯರಾಣದಲ್ಲಿ ತೋಡಿದ ಗುಂಡಿಗಳು

ಮಕ್ತಲ್‌ನಿಂದ ಕೃಷ್ಣಾ ನದಿಯ ಕಡೆಗೆ ಹೋಗುವ ದಾರಿಯಲ್ಲಿ ನಮ್ಮೂರು. ಮನೆಮಾತು ಕನ್ನಡ, ಶಾಲೆ ಕಚೇರಿಯದು ತೆಲುಗು. ಊರಿನ ಗಾಯರಾಣಕ್ಕೆ ಸರ್ಕಾರಿ ಕಾಗದದಲ್ಲಿ ಬಂಜರು ಎಂದು ಹೆಸರು. ನಾನು ಮದುವೆಯಾಗಿ ಬಂದಾಗ ಆ ಮಾತು ಸುಳ್ಳಾಗಿರಲಿಲ್ಲ. ದನ ಮೇಯಲೆಂದು ಬಿಟ್ಟ ಆ ನಾಲ್ಕೆಕರೆಯಲ್ಲಿ ದನ ಬಾಯಿ ಹಾಕುವಂಥ ಹುಲ್ಲೇ ಇರಲಿಲ್ಲ. ಕಲ್ಲು, ಸವುಳು, ಜಾಲಿಮುಳ್ಳು, ಅಷ್ಟೆ. ಅದನ್ನು ಹೊಲ ಮಾಡಿದ್ದು ನನ್ನ ಅತ್ತೆ ಮತ್ತು ಅವರ ಹಿಂದೆ ಹೋದ ನಾವು ಹತ್ತು ಹೆಂಗಸರು. ಪಂಚಾಯಿತಿಯವರು ಬಾಯಿಮಾತಿನಲ್ಲಿ ‘ಮಾಡ್ಕೊಳ್ರಿ’ ಅಂದಿದ್ದರು. ಆ ಮಾತನ್ನು ಬರಹದಲ್ಲಿ ಪಡೆಯಬೇಕೆಂದು ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ.

ಅತ್ತೆಗೆ ಓದು ಬರದು. ಆದರೆ ಯಾವ ಕಳೆ ಎಲ್ಲಿ ಹುಟ್ಟಿದೆ ಎಂದು ನೋಡಿ ಅಡಿಯ ಮಣ್ಣು ಎಂಥದ್ದೆಂದು ಹೇಳುತ್ತಿದ್ದರು. ಇಳಿಜಾರಿಗೆ ಅಡ್ಡವಾಗಿ ಕಲ್ಲಿನ ಒಡ್ಡು ಹಾಕಿಸಿದರು. ಕೆರೆಯ ಹೂಳು ಬುಟ್ಟಿಯಲ್ಲಿ ಹೊತ್ತು ತಂದೆವು. ಕುರಿಗಾರರನ್ನು ಕಾಡಿ ಬೇಡಿ ಬೇಸಿಗೆಯಲ್ಲಿ ಹಿಂಡು ತಂಗಿಸಿದೆವು. ಮೊದಲ ವರ್ಷ ಬರೀ ಹುರುಳಿ, ಅದನ್ನೂ ಕೊಯ್ಯದೆ ಮಣ್ಣಿಗೇ ಬಿಟ್ಟೆವು. ಮೂರನೆಯ ವರ್ಷ ಸಜ್ಜೆ ಬಂತು, ಸಾಲುಗಳ ನಡುವೆ ತೊಗರಿ, ಅಲಸಂದೆ, ಸುತ್ತಲೂ ದನ ಮೂಸಿಯೂ ನೋಡದ ಗುರೆಳ್ಳು. ಯಾರೂ ಬಿತ್ತದ ಗೋಳಿಪಲ್ಯ, ಕಿರಕಸಾಲಿ ತಾವಾಗಿ ಎದ್ದವು. ಹತ್ತು ಮನೆಗಳ ಒಲೆಗೂ ಅಲ್ಲಿಂದಲೇ ಸೊಪ್ಪು. ಗದ್ವಾಲ್, ಐಜ ಕಡೆಯ ಹತ್ತಿ ಹೊಲಗಳಲ್ಲಿ ಕೂಲಿ ಮಾಡುವ ಹೆಂಗಸರು ಬಸ್ಸು ಹತ್ತಿ ನೋಡಲು ಬರುತ್ತಿದ್ದರು. “ಬರೇ ಕೇಳಿದ್ರ ತಿಳಿಯಂಗಿಲ್ರವಾ, ಮೊದ್ಲು ಕಲ್ಲು ಎತ್ರಿ” ಎಂದು ಅತ್ತೆ ಅವರನ್ನೂ ದುಡಿಸಿ, ಸೆರಗಿಗೆ ಒಂದು ಹಿಡಿ ಬೀಜ ಕಟ್ಟಿ ಕಳಿಸುತ್ತಿದ್ದರು.

ನಾಲ್ಕನೆಯ ಮಳೆಗಾಲದಲ್ಲಿ ಪಟ್ಟಣದಿಂದ ಒಬ್ಬ ಅಧಿಕಾರಿ ಬಂದ. ನಾನು ಊರಿನ ಅಂಗನವಾಡಿ ಟೀಚರ್, ಆದ್ದರಿಂದ ನೇರ ನನ್ನ ಹತ್ತಿರವೇ ಬಂದ. ಹೊಲದ ಫೋಟೊ ತೆಗೆದುಕೊಂಡ, ಬಾಯ್ತುಂಬ ಹೊಗಳಿದ. ಹೋಗುವಾಗ ಒಂದು ಹಾಳೆ ಚಾಚಿ, “ಮೀಟಿಂಗ್ ಆಯಿತು ಅಂತ ತೋರಿಸಬೇಕು, ಎಲ್ಲರ ಸಹಿ ಹಾಕಿಸಮ್ಮಾ” ಅಂದ. ಹಾಳೆಯ ತುಂಬ ತೆಲುಗು. ನನಗೆ ತೆಲುಗು ಓದಲು ಬರುತ್ತದೆ. ದಿನಾ ಮಕ್ಕಳಿಗೆ ಅದನ್ನೇ ಕಲಿಸುತ್ತೇನೆ. ಆವತ್ತು ಓದಲಿಲ್ಲ. ಹೊಗಳಿಕೆ ತಲೆಗೇರಿತ್ತು. ಎಲ್ಲರಿಗಿಂತ ಮೊದಲು ನಾನೇ ಸಹಿ ಮಾಡಿದೆ.

ಹೆಬ್ಬೆಟ್ಟು ಒತ್ತುವ ಮೊದಲು ಅತ್ತೆ ಕೇಳಿದರು: “ಏನ್ ಬರದಾರ ಇದ್ರಾಗ?”

“ಹಾಜರಿ ಪಟ್ಟಿ ರೀ ಅತ್ತಿ.”

ಅದು ಹಾಜರಿ ಪಟ್ಟಿಯಾಗಿರಲಿಲ್ಲ. ಒಂದು ವಾರ ಕಳೆದು ಅಂಗನವಾಡಿಯಲ್ಲಿ ಮೊಟ್ಟೆ ಬೇಯಿಸುತ್ತಿದ್ದಾಗ ನಮ್ಮ ಗುಂಪಿನವಳೊಬ್ಬಳು ಏದುಸಿರು ಬಿಡುತ್ತ ಬಂದಳು. “ಅಕ್ಕಾ, ಗಾಯರಾಣದಾಗ ಜೆಸಿಬಿ ಬಂದೈತಿ!” ನಾನು ಓಡಿ ತಲುಪುವಷ್ಟರಲ್ಲಿ ಎರಡು ಒಡ್ಡು ನೆಲಸಮವಾಗಿದ್ದವು. ಮೊಣಕಾಲೆತ್ತರ ಬೆಳೆದ ಸಜ್ಜೆಯ ನಡುವೆ ನೇರ ಸಾಲಿನಲ್ಲಿ ಗುಂಡಿ ಬೀಳುತ್ತಿದ್ದವು. ಸರ್ಕಾರಿ ಯೋಜನೆಯ ಸಸಿ ನೆಡುವುದಕ್ಕಂತೆ. ಅತ್ತೆ ಯಂತ್ರದ ಮುಂದೆ ಕುಕ್ಕರಗಾಲಲ್ಲಿ ಕೂತುಬಿಟ್ಟಿದ್ದರು. ಡ್ರೈವರ್ ಇಳಿದು ಬಂದು ಕೈಮುಗಿದ. “ಅವ್ವಾ, ನಾ ಕೂಲಿಯಾಂವ ಅದೀನಿ, ಏಳವ್ವಾ.”

ಹೊಗಳಿ ಹೋಗಿದ್ದ ಅಧಿಕಾರಿಯೇ ಅಲ್ಲಿ ಕೊಡೆ ಹಿಡಿದು ನಿಂತಿದ್ದ. “ಇದು ಬಂಜರು ಭೂಮಿ ಕದಮ್ಮಾ” ಅಂದ, ಅರ್ಧ ತೆಲುಗು ಅರ್ಧ ಕನ್ನಡದಲ್ಲಿ. ಅವನು ನಿಂತ ನೆಲದಲ್ಲಿ ಅವನ ಬೂಟಿನ ಕೆಳಗೆ ಅಲಸಂದೆ ಬಳ್ಳಿಯಿತ್ತು. ಕಣ್ಣಿರುವ ಮನುಷ್ಯ ಹಾಗೆ ಹೇಳಬಹುದೆಂದು ನಾನು ಕನಸಿನಲ್ಲೂ ನೆನೆಸಿರಲಿಲ್ಲ. ನಾನು ಬಾಯಿ ತೆರೆಯುವ ಮೊದಲೇ ಅವನು ಹಾಳೆ ಬಿಚ್ಚಿದ. ಸಸಿ ನೆಡಲು ಜಾಗ ಬಿಟ್ಟುಕೊಡುತ್ತೇವೆ, ನಮ್ಮ ತಕರಾರಿಲ್ಲ ಎಂದು ಅದರಲ್ಲಿ ಬರೆದಿತ್ತು. ಅದರ ಕೆಳಗೆ ಮೊದಲ ಸಹಿ ನನ್ನದು.

ಅತ್ತೆ ಎದ್ದು ನಿಂತು ನನ್ನ ಮುಖ ನೋಡಿದರು. “ಓದಾಕ ಬರ್ತೈತಂತ ನಿನ್ನ ಮುಂದ ಮಾಡಿದ್ವಿ. ಓದಾಕ ಬರದ ನಮಗ ಅಂವ ಮೋಸ ಮಾಡಿಲ್ಲ, ನೀ ಮಾಡಿದಿ.”

ಆಮೇಲೆ ತಿಂಗಳುಗಟ್ಟಲೆ ಅತ್ತೆ ನಾನು ಬಡಿದ ರೊಟ್ಟಿ ಮುಟ್ಟಲಿಲ್ಲ, ತಾವೇ ಬಡಿದುಕೊಂಡರು. ಆ ಅಧಿಕಾರಿಯ ಮೇಲಿನ ಸಿಟ್ಟಿನಷ್ಟೇ ಸಿಟ್ಟು ನನ್ನ ಮೇಲೆ ನನಗಿತ್ತು. ಅದನ್ನು ಎಲ್ಲಿ ಇಳಿಸಲಿ ಎಂದು ತಿಳಿಯದೆ ಪಾತ್ರೆ ಕುಕ್ಕುತ್ತಿದ್ದೆ, ಗಂಡನ ಮೇಲೆ ಹರಿಹಾಯುತ್ತಿದ್ದೆ.

ಸಸಿ ನೆಡುವ ದಿನ ಹಸಿರು ಸೀರೆಯುಟ್ಟು ಹೆಂಗಸರನ್ನು ಕರೆತರಬೇಕೆಂದು ನನಗೇ ಹುಕುಂ ಬಂತು. ಯಾರನ್ನೂ ಕರೆಯದೆ ಒಬ್ಬಳೇ ಹೋದೆ. ಶಾಮಿಯಾನದ ಹಿಂದೆ ದೊಡ್ಡ ಬ್ಯಾನರ್. ಎಡಗಡೆ ಬಿರುಕು ಬಿಟ್ಟ ಎಲ್ಲಿಯದೋ ನೆಲ, ಅದರ ಕೆಳಗೆ ‘ಮೊದಲು’. ಬಲಗಡೆ ನಮ್ಮ ಸಜ್ಜೆ, ನಮ್ಮ ಒಡ್ಡು, ಒಡ್ಡಿನ ಮೇಲೆ ಅತ್ತೆಯ ಬೆನ್ನು, ಅದರ ಕೆಳಗೆ ‘ನಂತರ’. ಅವರೇ ಅಗೆದು ಹಾಳು ಮಾಡಿದ ಹೊಲವನ್ನು ಅವರ ಸಾಧನೆಯೆಂದು ತೂಗುಹಾಕಿದ್ದರು!

ನಾನು ಅಷ್ಟು ಜನರ ನಡುವೆ ಹಾದುಹೋಗಿ ಬ್ಯಾನರಿನ ಹಗ್ಗ ಬಿಚ್ಚಿದೆ. “ಏಯ್, ಯಾರಮ್ಮಾ ನೀನು?” ಎಂದು ಅಧಿಕಾರಿ ಕೂಗಿದ. ಹೋದ ತಿಂಗಳು ನನ್ನ ಸಹಿ ತೆಗೆದುಕೊಂಡವನು! “ಈ ಫೋಟೊ ನಮ್ಮ ಹೊಲದ್ದು ರೀ. ಹೊಲ ಕೆಡಿಸಿದವ್ರು ನೀವು. ನಿಮ್ಮ ಕಾಗದದ ಮ್ಯಾಲೆ ಮೊದ್ಲ ಹೆಸರು ನಂದೈತಿ, ನೋಡ್ಕೋರಿ” ಅಂದೆ. ಗಂಟಲು ಬಿರಿಯುವಂತೆ ಕೂಗಿದೆನಂತೆ, ನನಗೆ ನೆನಪಿಲ್ಲ. ವಾರದೊಳಗೆ ನನಗೆ ನೋಟಿಸು ಬಂತು. ಎರಡು ಪುಟ ಉತ್ತರ ಬರೆದೆ. ಒಂದು ಕಡೆಯೂ ಕ್ಷಮೆ ಕೇಳಲಿಲ್ಲ. ಕೆಲಸ ಹೋಗಲಿಲ್ಲ, ಆದರೆ ಇವತ್ತಿಗೂ ಮೀಟಿಂಗಿನಲ್ಲಿ ನನ್ನನ್ನು ಹಿಂದಿನ ಸಾಲಿಗೆ ಕೂಡಿಸುತ್ತಾರೆ.

ಸಸಿಗಳಿಗೆ ಯಾರೂ ನೀರು ಹಾಕಲಿಲ್ಲ. ಸಂಕ್ರಾಂತಿಯ ಹೊತ್ತಿಗೆ ಎಲ್ಲ ಒಣಗಿ ಕಡ್ಡಿ. ಹೊಲ ಮರಳಿ ನಮಗೇ ಬಿಡಿ ಎಂದು ಅರ್ಜಿ ಬರೆದು, ಅದನ್ನು ಹಿಡಿದು ಮೂರು ಸಲ ಕಚೇರಿಗೆ ಅಲೆದೆವು. ಫೈಲು ನಾರಾಯಣಪೇಟೆಯ ಜಿಲ್ಲಾ ಕಚೇರಿಗೆ ಹೋಗಿದೆ, ಫೈಲು ಇನ್ನೂ ಬಂದಿಲ್ಲ ಅಂದರು. ಕೊನೆಗೆ ನಮ್ಮಲ್ಲಿ ಏಳು ಜನ ಯಾರನ್ನೂ ಕೇಳದೆ ಮತ್ತೆ ಹೊಲಕ್ಕಿಳಿದೆವು. ಉಳಿದ ನಾಲ್ವರು ಬರಲಿಲ್ಲ. ಅವರನ್ನು ತಪ್ಪೆನ್ನಲಾರೆ, ಮತ್ತೆ ಬೆಳೆಸಿದರೆ ಮತ್ತೆ ಅಗೆಯುತ್ತಾರೆ ಅನ್ನುವುದು ಅವರ ಮಾತು.

ಜೆಸಿಬಿ ರಾಶಿ ಹಾಕಿದ್ದ ಕಲ್ಲನ್ನು ಕೈಯಿಂದ ಬೇರ್ಪಡಿಸಿದೆವು. ಹಳೆಯ ಜಾಗದಲ್ಲೇ ಇಡಲು ಹೋದರೆ ಅತ್ತೆ ತಡೆದರು. ಗುಂಡಿಗಳಿಂದಾಗಿ ನೀರಿನ ದಾರಿಯೇ ಬದಲಾಗಿರುತ್ತದೆ, ಒಂದು ಮಳೆ ನೋಡದೆ ಇಡುವಂತಿಲ್ಲ ಅಂದರು. ಮಳೆ ಒಂದು ಮಧ್ಯಾಹ್ನ ಬಂತು. ಮಂಡಿನೋವಿನ ಅತ್ತೆ ಗೋಣಿಚೀಲದ ಕೊಪ್ಪೆ ಹೊದ್ದು ಹೊರಟರು, ಜೊತೆಗೆ ನಾನೂ ಹೋದೆ. ಹೊಲದ ಅಂಚಿನಲ್ಲಿ ಕಾಲು ಜಾರಿದಾಗ ನನ್ನ ಹೆಗಲು ಹಿಡಿದುಕೊಂಡರು, ಬಿಡಲಿಲ್ಲ.

“ಅಲ್ಲಿ ನೀರು ತಿರಗಾಕ ಹತ್ತೈತಿ, ಕಾಣ್ತೈತೇನು?”

“ಹೂನ್ರಿ ಅತ್ತಿ.”

“ಮತ್ತ ನಿಂತಿಯಲ್ಲ? ಕಲ್ಲು ತಾ.”