ಬ್ರೇಕ್ ಹಾಕಿದ್ದು ನಾನಲ್ಲ

ಮೆಣಸಕ್ಕ ಅನ್ನೋದು ಅವಳ ಅಪ್ಪ ಅಮ್ಮ ಇಟ್ಟ ಹೆಸರಲ್ಲ, ಟ್ಯಾಕ್ಸಿ ಸ್ಟ್ಯಾಂಡಿನ ಡ್ರೈವರುಗಳು ಇಟ್ಟದ್ದು. ಅಡ್ಡಾದಿಡ್ಡಿ ಗಾಡಿ ನಿಲ್ಲಿಸಿದವರನ್ನು, ಸಿಗ್ನಲ್ ಹಾರಿಸಿಕೊಂಡು ಬಂದವರನ್ನು, ಬಾಗಿಲನ್ನು ದಢಾರನೆ ಎಳೆಯುವ ಪ್ರಯಾಣಿಕರನ್ನು ಅವಳು ಸುಮ್ಮನೆ ಬಿಟ್ಟವಳೇ ಅಲ್ಲ. ಕೋಪ ಸದಾ ಮೂಗಿನ ತುದಿಯಲ್ಲಿ. ಆದರೆ ಆ ಕೋಪ ಕೈಗಾಗಲಿ ಕಾಲಿಗಾಗಲಿ ಇಳಿದದ್ದನ್ನು ಯಾರೂ ಕಂಡಿರಲಿಲ್ಲ. ಬಾಯಿ ಒಂದೇ ಸಮನೆ ಬೈಯುತ್ತಿದ್ದರೂ ಗಾಡಿ ಮಾತ್ರ ತೊಟ್ಟಿಲು ತೂಗಿದ ಹಾಗೆ ಹೋಗುತ್ತಿತ್ತು. ಅದಕ್ಕೇ ಹೊಟ್ಟೆಗೆ ಹೊಲಿಗೆ ಹಾಕಿಸಿಕೊಂಡವರು, ಬೆನ್ನು ಹಿಡಿದುಕೊಂಡವರು, ತುಂಬು ಬಸುರಿಯರು ಅವಳನ್ನೇ ಹುಡುಕಿಕೊಂಡು ಬರುತ್ತಿದ್ದರು.

ಅಂಥವರಲ್ಲಿ ಮೇಷ್ಟ್ರು ಒಬ್ಬರು. ಲೆಕ್ಕ ಕಲಿಸಿ ನಿವೃತ್ತರಾದವರು, ಮೂತ್ರಪಿಂಡ ಕೈಕೊಟ್ಟು ವಾರಕ್ಕೆ ಮೂರು ಸಲ ಡಯಾಲಿಸಿಸ್‌ಗೆ ಹೋಗುತ್ತಿದ್ದರು. ಹೋಗುವಾಗ ಅವಳ ಬೈಗುಳಗಳ ವ್ಯಾಕರಣ ತಿದ್ದುತ್ತಾ ಕೂರುವರು, ಬರುವಾಗ ಸುಸ್ತಾಗಿ ಹಿಂದಿನ ಸೀಟಿನಲ್ಲಿ ನಿದ್ದೆ ಹೋಗುವರು.

ಹೊಸ ಕಾರು ಕೊಂಡಾಗ ಅದಕ್ಕೊಂದು ಕಣ್ಣಿದೆ ಎಂದು ಶೋರೂಮಿನವರು ಹೇಳಿದ್ದರು. ಒಳಗನ್ನಡಿಯ ಹಿಂದೆ, ಮುಂದಿನ ಗಾಜಿಗೆ ಅಂಟಿಕೊಂಡಂತೆ ಒಂದು ಕ್ಯಾಮೆರಾ. ರಸ್ತೆಯ ಗೆರೆ ನೋಡಿ ಸ್ಟಿಯರಿಂಗ್ ನೇರ ಮಾಡುತ್ತೆ, ಮುಂದಿನ ಗಾಡಿ ನೋಡುತ್ತೆ, ಇನ್ನೇನು ಗುದ್ದಿಬಿಡುತ್ತೆ ಅನ್ನುವಾಗ ತಾನೇ ಬ್ರೇಕ್ ಹಾಕುತ್ತೆ. ಮೆಣಸಕ್ಕ ಮೊದಲು ಮೂಗು ಮುರಿದಿದ್ದಳು. ಆಮೇಲೊಂದು ಸಂಜೆ, ಸಾಲಾಗಿ ನಿಂತ ಗಾಡಿಗಳ ನಡುವಿನಿಂದ ಸೈಕಲ್ ಮೇಲೊಂದು ಮಗು ನುಗ್ಗಿ ಬಂತು. ಅವಳ ಕಾಲು ಪೆಡಲ್ ಮುಟ್ಟುವ ಮೊದಲೇ ಕಾರು ಗಕ್ಕನೆ ನಿಂತಿತ್ತು. ಮಗು ಅವಳ ಮುಖವನ್ನೊಮ್ಮೆ ನೋಡಿ ಸೈಕಲ್ ತುಳಿದುಕೊಂಡು ಹೋಯಿತು. ಅವಳಿಗೆ ಎಷ್ಟೋ ಹೊತ್ತು ಗಾಡಿ ತೆಗೆಯಲು ಕೈ ಬರಲಿಲ್ಲ. ಅಂದಿನಿಂದ ಆ ಕ್ಯಾಮೆರಾವನ್ನು ಅವಳು ತಂಗಿ ಎಂದೇ ಕರೆಯುತ್ತಿದ್ದಳು.

ಜಲ್ಲಿ ತುಂಬಿದ ಲಾರಿಯೊಂದರಿಂದ ಕಲ್ಲು ಹಾರಿ ಬಂದು ಆ ಗಾಜಿಗೇ ಬಡಿಯಿತು. ಮೊದಲು ಕಾಳಿನಷ್ಟು ಗಾಯ. ಬಿಸಿಲು ಏರಿದಂತೆ ಅದರಿಂದ ಗೆರೆಯೊಂದು ಹೊರಟು, ದಿನದಿನಕ್ಕೂ ಹರಿದು, ಅವಳ ಕಣ್ಣೆದುರಿಗೇ ಬಂದು ನಿಂತಿತು. ಗಾಜು ಬದಲಿಸದೆ ಗತಿಯಿರಲಿಲ್ಲ.

ಕಾರಿನ ಗಾಜಿನದೇ ಒಂದು ದೊಡ್ಡ ಅಂಗಡಿ ಇತ್ತು. ಕಾಯುವವರಿಗೆ ಸೋಫಾ, ತಣ್ಣನೆ ಗಾಳಿ, ಗೋಡೆ ತುಂಬ ಟೀವಿ. ಅವಳ ಗಂಡ ಟೈಲರ್, ಅವನ ಅಂಗಡಿ ಅದೇ ಬೀದಿಯಲ್ಲಿತ್ತು, ಸುಮ್ಮನೆ ಜೊತೆಗೆ ಬಂದಿದ್ದ. ಮ್ಯಾನೇಜರ್ ಕೈ ಕುಲುಕಿದ್ದು ಅವನಿಗೆ.

"ಬೆಳಗ್ಗೆ ಬಿಟ್ಟು ಮಧ್ಯಾಹ್ನ ತಗೊಂಡ್ಹೋಗಿ ಸಾರ್."

"ಕ್ಯಾಮೆರಾ ಸರಿಹೊಂದಿಸಬೇಕಲ್ಲ?" ಎಂದಳು ಮೆಣಸಕ್ಕ. "ಗಾಜು ಬದಲಾದ್ರೆ ಅದನ್ನ ಮತ್ತೆ ಗುರಿಗೆ ಕೂರಿಸ್ಬೇಕು ಅಂತ ಶೋರೂಮಲ್ಲಿ ಹೇಳಿದ್ರು."

"ಅದೆಲ್ಲ ಏನಿಲ್ಲ ಸಾರ್," ಎಂದು ಮ್ಯಾನೇಜರ್ ಮತ್ತೆ ಗಂಡನಿಗೇ ಹೇಳಿದ. "ಓಡಿಸ್ತಾ ಓಡಿಸ್ತಾ ಅದೇ ಕಲ್ತುಕೊಳ್ಳುತ್ತೆ."

ಟೈಲರ್ ತಬ್ಬಿಬ್ಬಾಗಿ ಹೆಂಡತಿಯ ಕಡೆ ನೋಡಿದ. ಅವಳ ನಾಲಿಗೆ ತುದಿಗೆ ಬಂದದ್ದು ಅಲ್ಲೇ ಉಳಿಯಿತು. ಅಷ್ಟು ದೊಡ್ಡ ಅಂಗಡಿಯವರು ಸುಳ್ಳು ಹೇಳಲಾರರು ಎಂದು ಆಗ ಅವಳಿಗೆ ಅನ್ನಿಸಿತ್ತು.

ಹೊಸ ಗಾಜು ನೀರಿನಷ್ಟು ತಿಳಿಯಾಗಿತ್ತು. ಮಾರನೆಯ ದಿನದಿಂದ ಸ್ಟಿಯರಿಂಗ್ ಆಗಾಗ ಒಂದು ಪಕ್ಕಕ್ಕೆ ಮೆಲ್ಲಗೆ ಜಗ್ಗತೊಡಗಿತು, ಸೆರಗು ಹಿಡಿದೆಳೆಯುವ ಮಗುವಿನ ಹಾಗೆ. ಟೈರಿಗೆ ಗಾಳಿ ಕಡಿಮೆಯಿರಬೇಕೆಂದು ಗಾಳಿ ಹಿಡಿಸಿದಳು. ಮೀಟರಿನ ಮೇಲೆ ಕೆಂಪು ದೀಪವೇನೂ ಹತ್ತಿರಲಿಲ್ಲ.

ಮೇಷ್ಟ್ರನ್ನು ಆಸ್ಪತ್ರೆಯಿಂದ ಕರೆತರುತ್ತಿದ್ದ ಮಧ್ಯಾಹ್ನ ಅದು ಆಯಿತು. ಮೇಲ್ಸೇತುವೆ ಇಳಿದು ತಿರುಗುವಲ್ಲಿ, ರಸ್ತೆಯ ಅಂಚಿಗೆ ನೀರಿನ ಟ್ಯಾಂಕರ್ ನಿಂತಿತ್ತು. ಅವಳ ದಾರಿಗೂ ಅದಕ್ಕೂ ಏನೇನೂ ಸಂಬಂಧವಿರಲಿಲ್ಲ. ಇದ್ದಕ್ಕಿದ್ದಂತೆ ಕಿರ್ರನೆ ಸದ್ದಾಯಿತು, ಮೀಟರ್ ಕೆಂಪಾಯಿತು, ಯಾರೋ ಹಿಂದಿನಿಂದ ಹಗ್ಗ ಹಾಕಿ ಎಳೆದಂತೆ ಕಾರು ನಡುರಸ್ತೆಯಲ್ಲಿ ನಿಂತುಬಿಟ್ಟಿತು. ಹಿಂದಿದ್ದ ಬೈಕಿನವನು ಕೂದಲೆಳೆಯಲ್ಲಿ ತಪ್ಪಿಸಿಕೊಂಡು ಬಾಯಿಗೆ ಬಂದಂತೆ ಬೈದ. ಸೂಜಿ ಚುಚ್ಚಿದ ಕೈಗೆ ಒತ್ತುತ್ತದೆಂದು ಮೇಷ್ಟ್ರು ಬೆಲ್ಟನ್ನು ಕಂಕುಳ ಕೆಳಗೆ ಸರಿಸಿಕೊಂಡು ಮಲಗಿದ್ದರು. ಅವರ ಮುಖ ಮುಂದಿನ ಸೀಟಿಗೆ ಹೊಡೆದು ತುಟಿ ಸೀಳಿತು. ಬಿಳಿ ಅಂಗಿಯ ಮೇಲೆಲ್ಲ ರಕ್ತ.

ಅವಳು ಗಾಡಿ ತಿರುಗಿಸಿ ಆಸ್ಪತ್ರೆಗೇ ಓಡಿಸಿದಳು. ಮೇಷ್ಟ್ರ ಮಗಳು ಬ್ಯಾಂಕಿನಿಂದ ನೇರ ಅಲ್ಲಿಗೇ ಬಂದಳು.

"ಯಾರ ಮೇಲೆ ರೇಗಾಡ್ತಾ ಓಡಿಸ್ತಿದ್ರಿ?" ಎಂದಳು ಬಂದವಳೇ.

"ಯಾರ ಮೇಲೂ ಇಲ್ಲ. ಬ್ರೇಕ್ ಹಾಕಿದ್ದು ನಾನಲ್ಲ, ಗಾಡಿ."

"ಗಾಡಿ ತಾನೇ ಹಾಕ್ತಾ? ನಿಮ್ಮ ಕೋಪ ಗೊತ್ತಿದ್ದೂ ಅಪ್ಪನ್ನ ಕಳಿಸಿದೆನಲ್ಲ, ನನಗೆ ಬುದ್ಧಿ ಇರ್ಲಿಲ್ಲ. ಇನ್ಮೇಲೆ ಬರ್ಬೇಡಿ."

ಮೆಣಸಕ್ಕ ಮೇಷ್ಟ್ರ ಕಡೆ ತಿರುಗಿದಳು. ಒಂದು ಮಾತು ಹೇಳಲಿ ಎಂದು ಕಾದಳು. ಅವರು ತುಟಿಗೆ ಹತ್ತಿ ಒತ್ತಿಕೊಂಡು, "ನಾನು ಕಣ್ಣು ಮುಚ್ಚಿದ್ದೆ ಕಣಮ್ಮ. ನೋಡದೆ ಇದ್ದದ್ದನ್ನ ಹೇಗೆ ಹೇಳ್ಲಿ," ಎಂದರು. ಮಗಳ ಬೈಗುಳಕ್ಕಿಂತ ಆ ಮಾತಿಗೆ ಅವಳ ಮೈ ಹೆಚ್ಚು ಉರಿಯಿತು.

ಸ್ಟ್ಯಾಂಡಿಗೆ ಸುದ್ದಿ ಅವಳಿಗಿಂತ ಮೊದಲೇ ಮುಟ್ಟಿತ್ತು. "ವಯಸ್ಸಾಯ್ತಲ್ಲಕ್ಕ, ಕಾಲು ಜಾರಿರುತ್ತೆ," ಎಂದ ಒಬ್ಬ. "ಆ ತಾನೇ ಬ್ರೇಕ್ ಹಾಕೋ ಬಟನ್ ಆಫ್ ಮಾಡ್ಬಿಡಿ, ರಗಳೆನೇ ಇರಲ್ಲ," ಎಂದ ಇನ್ನೊಬ್ಬ. ಸೈಕಲ್ ಮೇಲೆ ಬಂದ ಆ ಮಗುವಿನ ಮುಖ ಅವಳಿಗೆ ಇನ್ನೂ ಹಸಿಯಾಗಿ ನೆನಪಿತ್ತು. "ಕಣ್ಣು ನೋವು ಅಂತ ಕಣ್ಣು ಕಿತ್ತುಕೊಳ್ತೀಯೇನೋ ನೀನು?" ಎಂದು ಕೇಳಿ ಮನೆಗೆ ಬಂದಳು.

ಮನೆಯಲ್ಲಿ ಊಟಕ್ಕೆ ಕೂತಾಗ ಟೈಲರ್ ಮೆಲ್ಲಗೆ, "ನಿಜವಾಗ್ಲೂ ನಿನ್ನ ಕಾಲು ಪೆಡಲ್ ಮೇಲೆ ಇರ್ಲಿಲ್ವಾ?" ಅಂದ. ಕೇಳಬಾರದ್ದನ್ನು ಕೇಳಿದೆ ಎಂದು ಅವನಿಗೆ ಹೊಳೆಯುವಷ್ಟರಲ್ಲಿ ಅವಳು ತಟ್ಟೆ ಸರಿಸಿ ಎದ್ದಾಗಿತ್ತು. ಪಕ್ಕದ ಕೋಣೆಯ ಕುರ್ಚಿಯಲ್ಲಿ ಕೂತು ಬಲಗಾಲನ್ನು ನೆಲಕ್ಕೆ ಒತ್ತಿದಳು, ಎತ್ತಿದಳು, ಮತ್ತೆ ಒತ್ತಿದಳು. ಇಷ್ಟು ವರ್ಷ ಹೇಳಿದ ಹಾಗೆ ಕೇಳಿದ ಕಾಲು. ಅದರ ಮೇಲೆ ತನಗೇ ಅನುಮಾನ ಬರುವ ಹಾಗೆ ಮಾಡಿಬಿಟ್ಟರಲ್ಲ ಎಂದು ನೆನೆದಾಗ, ಸಿಟ್ಟು ಎಷ್ಟು ಏರಿತೆಂದರೆ ಕಣ್ಣಲ್ಲಿ ನೀರು ಬಂತು.

ಬೆಳಗ್ಗೆ ಗಾಜಿನ ಅಂಗಡಿಯ ಬಾಗಿಲು ತೆಗೆಯುವಾಗಲೇ ಅವಳು ಅಲ್ಲಿದ್ದಳು.

"ಗ್ಲಾಸಿಗೂ ಬ್ರೇಕಿಗೂ ಎಲ್ಲಿಯ ಸಂಬಂಧ ಅಮ್ಮಾ?" ಎಂದ ಮ್ಯಾನೇಜರ್. "ನೀವೇ ಹಾಕಿರ್ತೀರಿ, ನಿಮಗೆ ಗೊತ್ತಾಗಿರಲ್ಲ. ಯಜಮಾನ್ರನ್ನ ಕಳಿಸಿ, ಅವರಿಗೆ ಬಿಡಿಸಿ ಹೇಳ್ತೀನಿ."

ಅವಳು ಕೀಲಿಯನ್ನು ಅವನ ಮೇಜಿನ ಮೇಲಿಟ್ಟಳು. "ನೀವೇ ಓಡಿಸಿ ನೋಡಿ."

"ನನಗೆ ಬೇರೆ ಕೆಲಸ ಇದೆ."

"ನನಗಿಲ್ಲ. ಇದ್ದ ಕೆಲಸ ನೀವೇ ಕಳೆದ್ರಲ್ಲ."

ಹೋಗಿ ಸೋಫಾದ ಮೇಲೆ ಕೂತಳು. ಮೊದಲ ಗಿರಾಕಿ ಬಂದ. "ಗಾಜು ಹಾಕಿಸೋಕಾ? ಕ್ಯಾಮೆರಾ ಇರೋ ಗಾಡಿನಾ? ಹಾಗಾದ್ರೆ ಬನ್ನಿ, ನನ್ನ ಕಥೆ ಕೇಳಿ ಆಮೇಲೆ ಒಳಗೆ ಹೋಗಿ," ಎಂದು ಪಕ್ಕಕ್ಕೆ ಸರಿದು ಜಾಗ ಕೊಟ್ಟಳು. ದನಿ ಏರಿಸಲಿಲ್ಲ. ಟ್ಯಾಂಕರ್ ನಿಂತದ್ದು, ಮೇಷ್ಟ್ರ ತುಟಿ ಸೀಳಿದ್ದು, ಎಲ್ಲ ಹೇಳಿದಳು. ಅವನು ಆಮೇಲೆ ಬರ್ತೀನಿ ಎಂದು ಎದ್ದುಹೋದ. ಎರಡನೆಯವಳು ಗಂಡನಿಗೆ ಫೋನ್ ಮಾಡುತ್ತಾ ಹೋದಳು. ಮೂರನೆಯವರು ಕೂರುವ ಹೊತ್ತಿಗೆ ಮ್ಯಾನೇಜರ್ ಕೀಲಿ ಹಿಡಿದುಕೊಂಡು ಹೊರಗೆ ಬಂದ. ಮುಖ ಗಂಟಿಕ್ಕಿತ್ತು.

ಅವನೇ ಓಡಿಸಿದ, ಅವಳು ಪಕ್ಕದಲ್ಲಿ ಕೂತಳು. ಮೇಲ್ಸೇತುವೆ ಇಳಿದು ತಿರುಗಿದರು. ಏನೂ ಆಗಲಿಲ್ಲ. ಕಾರು ಹೂವಿನ ಹಾಗೆ ಹೋಯಿತು.

"ನೋಡಿದ್ರಾ?" ಎಂದು ಅವನು ನಕ್ಕ.

ಮೆಣಸಕ್ಕನಿಗೆ ಒಂದು ಕ್ಷಣ ಭೂಮಿ ಬಾಯಿಬಿಟ್ಟ ಹಾಗಾಯಿತು. ಆಮೇಲೆ ಹಿಂತಿರುಗಿ ಆ ತಿರುವನ್ನು ನೋಡಿದಳು. ಖಾಲಿ ಇತ್ತು. ಟ್ಯಾಂಕರ್ ಇರಲಿಲ್ಲ.

"ಗೋದಾಮಿನ ರಸ್ತೆಗೆ ತಗೊಳ್ಳಿ. ಅಲ್ಲೂ ಇಂಥದೇ ತಿರುವಿದೆ, ಅಂಚಲ್ಲಿ ಯಾವಾಗಲೂ ಲಾರಿ ನಿಂತಿರುತ್ತೆ. ಬೆಲ್ಟು ಬಿಗಿ ಮಾಡ್ಕೊಳ್ಳಿ. ಹಿಂದೆ ಯಾರೂ ಬರ್ತಿಲ್ಲ ಅಂತ ನೋಡ್ಕೊಂಡೇ ತಿರುಗಿಸಿ."

"ಇದೇ ಕೊನೆ," ಎಂದು ಗೊಣಗುತ್ತಾ ಅವನು ತಿರುಗಿಸಿದ. ಗೋದಾಮಿನ ಮುಂದೆ ಮೂಟೆ ತುಂಬಿದ ಲಾರಿ ನಿಂತಿತ್ತು. ತಿರುವು ಅರ್ಧ ದಾಟಿದ್ದರು. ಕಿರ್ರನೆ ಸದ್ದಾಯಿತು, ಮೀಟರ್ ಕೆಂಪಾಯಿತು, ಕಾರು ನೆಲ ಕಚ್ಚಿಕೊಂಡು ನಿಂತಿತು. ಮ್ಯಾನೇಜರ್ ಎದೆಗೆ ಬೆಲ್ಟು ಹೊಡೆದು ಉಸಿರು ಸಿಕ್ಕಿಕೊಂಡಿತು. ಜೇಬಿನ ಫೋನು ಹಾರಿ ಅವನ ಕಾಲ ಬುಡಕ್ಕೆ ಬಿತ್ತು.

"ನಾನು ಹಾಕಲಿಲ್ಲ," ಎಂದ, ಉಸಿರು ಬಂದ ಮೇಲೆ.

"ಹಾಕಿರ್ತೀರಿ. ನಿಮಗೆ ಗೊತ್ತಾಗಿರಲ್ಲ."

ಅವನು ಬಗ್ಗಿ ಕಾಲ ಬುಡದ ಫೋನನ್ನು ತಡಕಿದ. ಅವಳಿಗೆ ಪಾಪ ಅನ್ನಿಸಲಿಲ್ಲ.

ಅಂಗಡಿಗೆ ಬಂದ ಮೇಲೆ ಗಾಜು ಕೂರಿಸಿದ ಫಿಟ್ಟರನ್ನು ಕರೆಸಿದರು. ಅವನು ನೆಲ ನೋಡುತ್ತಾ ಹೇಳಿದ, "ಕ್ಯಾಮೆರಾ ಗುರಿಗೆ ಕೂರಿಸೋ ಬೋರ್ಡ್ ನಮ್ಮ ಹತ್ರ ಇದೆ ಅಕ್ಕ. ಆದ್ರೆ ಅದಕ್ಕೆ ಗಾಡಿ ಮುಂದೆ ಉದ್ದಕ್ಕೆ ಸಮತಟ್ಟು ಜಾಗ ಬೇಕು. ಈ ಸೋಫಾ ಹಾಕೋಕೆ ಗೋಡೆ ಮುಂದಕ್ಕೆ ತಂದ್ಮೇಲೆ ಜಾಗ ಸಾಲಲ್ಲ. ಅದಕ್ಕೇ ಬಿಟ್ಬಿಟ್ವಿ."

ಅಷ್ಟು ಹೊತ್ತು ತಾನು ಒರಗಿ ಕೂತಿದ್ದ ಸೋಫಾದ ಕಡೆ ಮೆಣಸಕ್ಕ ನೋಡಿದಳು. ಮೆತ್ತಗಿತ್ತು, ಒಳ್ಳೆಯ ಬಟ್ಟೆ. ಮೇಷ್ಟ್ರ ಅಂಗಿಯ ಮೇಲಿನ ರಕ್ತ ಅವಳ ಕಣ್ಣಿಗೆ ಕಟ್ಟಿತು.

ಕೊನೆಗೆ ಕಾರನ್ನು ಬೇರೊಂದು ದೊಡ್ಡ ವರ್ಕ್‌ಶಾಪಿಗೆ ಒಯ್ದರು. ಅವಳೂ ಹೋಗಿ ಪಕ್ಕದಲ್ಲೇ ನಿಂತಳು. ಟೈರಿನ ಗಾಳಿ ನೋಡಿದರು, ಟೇಪು ಹಿಡಿದು ಅಳೆದು ಕಾರಿನ ಮುಂದೆ ಕಪ್ಪು ಬಿಳಿ ಚೌಕಗಳ ಬೋರ್ಡ್ ನಿಲ್ಲಿಸಿದರು. ಕಂಪ್ಯೂಟರ್ ನೋಡುತ್ತಿದ್ದವನು, "ಇಲ್ಲಿ ಉಗುರಿನ ಅಂಚಿನಷ್ಟು ಓರೆಯಾಗಿದೆ. ದೂರಕ್ಕೆ ಹೋದ್ಮೇಲೆ ಅದೇ ಒಂದು ಲೇನ್ ಆಗುತ್ತೆ. ಪಕ್ಕದಲ್ಲಿ ನಿಂತಿರೋ ಗಾಡಿ ಎದುರಿಗೇ ಇದೆ ಅಂತ ಕ್ಯಾಮೆರಾ ಅಂದ್ಕೊಂಡಿದೆ," ಎಂದ. ಸರಿಮಾಡಿ, ರಸ್ತೆಯಲ್ಲಿ ಓಡಿಸಿ ನೋಡಿ, ಕೀಲಿ ಕೊಟ್ಟರು. ಗೋದಾಮಿನ ತಿರುವಿನಲ್ಲಿ ಲಾರಿ ಇನ್ನೂ ನಿಂತಿತ್ತು. ಕಾರು ಅದರ ಪಾಡಿಗೆ ಅದನ್ನು ಬಿಟ್ಟು ಮುಂದೆ ಹೋಯಿತು.

ಅಲ್ಲಿಗೆ ಮುಗಿಯಿತು ಎಂದುಕೊಂಡ ಮ್ಯಾನೇಜರ್ ಟೈಲರಿಗೆ ಫೋನ್ ಮಾಡಿ, "ಸಣ್ಣ ತೊಂದರೆ ಇತ್ತು ಸಾರ್, ಸರಿಯಾಗಿದೆ," ಎಂದ. ಟೈಲರ್ ಕತ್ತರಿ ಕೆಳಗಿಟ್ಟು, "ಅದನ್ನ ನನಗ್ಯಾಕೆ ಹೇಳ್ತೀರಿ? ಗಾಡಿ ಅವಳದು. ಅವಳ ಹತ್ರ ಮಾತಾಡಿ," ಎಂದು ಫೋನ್ ಇಟ್ಟ. ಅಷ್ಟು ಗಡುಸಾಗಿ ಅವನು ಗಿರಾಕಿಗಳ ಹತ್ತಿರವೂ ಮಾತಾಡಿದವನಲ್ಲ. ಸಂಜೆ ಇದನ್ನು ಕೇಳಿದ ಮೆಣಸಕ್ಕ, "ನಿನ್ನೆ ಈ ಬುದ್ಧಿ ಎಲ್ಲಿಗೆ ಹೋಗಿತ್ತು?" ಅಂದಳು. ಹಿಂದಿನ ರಾತ್ರಿಯಿಂದ ಅವರ ನಡುವೆ ನಿಂತಿದ್ದ ಮಾತು ಹಾಗೆ ಮತ್ತೆ ಶುರುವಾಯಿತು.

ಆದರೆ ಅವಳ ಸಿಟ್ಟು ಆರಿರಲಿಲ್ಲ. ಮರುದಿನ ಮತ್ತೆ ಹೋಗಿ ಮ್ಯಾನೇಜರ್ ಎದುರು ಕುರ್ಚಿ ಎಳೆದುಕೊಂಡಳು.

"ನನ್ನ ಗಾಡಿ ಸರಿಯಾಯ್ತು. ಗೋಡೆ ಮುಂದಕ್ಕೆ ತಂದ್ಮೇಲೆ ಇಲ್ಲಿಂದ ಹೋದ ಬೇರೆ ಗಾಡಿಗಳು?"

"ಅವ್ರು ಯಾರೂ ದೂರು ಕೊಟ್ಟಿಲ್ಲಮ್ಮ."

"ಅವರೂ ತಮ್ಮ ಕಾಲನ್ನೇ ಬೈಕೊಂಡಿರ್ತಾರೆ. ಫೋನ್ ಮಾಡಿ."

ಅವನು ಅತ್ತ ಇತ್ತ ನೋಡಿದ. ಸೋಫಾದಲ್ಲಿ ಇಬ್ಬರು ಗಿರಾಕಿಗಳು ಕೂತಿದ್ದರು. ಫೋನ್ ಎತ್ತಿ ಜೇನಿನಂಥ ದನಿಯಲ್ಲಿ, "ನಮ್ಮ ಕಡೆಯಿಂದ ಒಂದು ಉಚಿತ ತಪಾಸಣೆ ಇದೆ ಸಾರ್," ಎಂದು ಶುರುಮಾಡಿದ.

ಮೆಣಸಕ್ಕ ಮೇಜಿನ ಮೇಲೆ ಅಂಗೈ ಊರಿದಳು. "ತಪಾಸಣೆ ಅಲ್ಲ. ತಪ್ಪಾಗಿದೆ ಅನ್ನಿ. ಬರೋವರೆಗೂ ಗಾಡಿ ಜೋರಾಗಿ ಓಡಿಸ್ಬೇಡಿ ಅನ್ನಿ."

ಅವನು ಗಂಟಲು ಸರಿಮಾಡಿಕೊಂಡ. "ನಮ್ಮಿಂದ ಒಂದು ತಪ್ಪಾಗಿದೆ ಸಾರ್," ಎಂದ. ಎರಡನೆಯ ಫೋನಿಗೆ ಅವಳು ಹೇಳಿಕೊಡಬೇಕಾಗಲಿಲ್ಲ. ಪಟ್ಟು ಬಿಡದೆ ಅವಳು ಕೊನೆಯ ಫೋನಿನವರೆಗೂ ಕೂತಿದ್ದಳು. ಅವರಲ್ಲೊಬ್ಬಳು ಆ ಕಡೆಯಿಂದ, ಅಂಥದೇ ಬ್ರೇಕಿನಿಂದ ಗಂಡನೊಂದಿಗೆ ಜಗಳವಾಗಿ ಗಾಡಿ ಓಡಿಸುವುದನ್ನೇ ಬಿಟ್ಟಿದ್ದೇನೆ ಎಂದು ಹೇಳಿದ್ದು ಮೆಣಸಕ್ಕನಿಗೂ ಕೇಳಿಸಿತು.

ಮೇಷ್ಟ್ರ ಮನೆಗೆ ಹೋಗಿ ನಡೆದದ್ದನ್ನೆಲ್ಲ ಹೇಳಿದಳು. ಮಗಳು ಬಾಗಿಲಲ್ಲೇ ನಿಂತು ಕೇಳಿಸಿಕೊಂಡು, "ಸರಿ. ಆದ್ರೆ ಬೇರೆ ಡ್ರೈವರಿಗೆ ಹೇಳಿ ಆಗಿದೆ," ಎಂದಳು. ಅಷ್ಟೇ. ಮೆಣಸಕ್ಕ ಮೆಟ್ಟಿಲಿಳಿಯುವಾಗ ಹಲ್ಲು ಕಚ್ಚಿಕೊಂಡು ಇಳಿದಳು.

ತುಟಿಯ ಹೊಲಿಗೆ ಬಿಚ್ಚಿದ ಮೇಲೆ ಮೇಷ್ಟ್ರೇ ಫೋನ್ ಮಾಡಿದರು. "ಆ ಹೊಸ ಡ್ರೈವರ್ ದಾರಿಯುದ್ದಕ್ಕೂ ಫೋನಲ್ಲಿ ಮಾತಾಡ್ತಾನಮ್ಮ. ಮಗಳಿಗೆ ನಾನು ಹೇಳಿದೀನಿ. ನಾಳೆ ಬರ್ತೀಯಾ?"

"ಅವತ್ತು ಒಂದು ಮಾತು ನನ್ನ ಪರ ಆಡಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು ಮೇಷ್ಟ್ರೇ?"

"ನಾನು ನೋಡಿರ್ಲಿಲ್ಲ ಕಣಮ್ಮ. ಇವತ್ತು ಕೇಳಿದ್ರೂ ಅದನ್ನೇ ಹೇಳ್ತೀನಿ."

"ಬೆಲ್ಟು ಸರಿಯಾಗಿ ಹಾಕ್ಕೋಬೇಕು. ಕೈಗೆ ಒತ್ತದ ಹಾಗೆ ದಿಂಬು ತರ್ತೀನಿ," ಎಂದು ಫೋನ್ ಇಟ್ಟಳು.

ಮರುದಿನ ಬೆಳಗ್ಗೆ ಟೈಲರ್ ಹೊಲಿದುಕೊಟ್ಟ ಪುಟ್ಟ ದಿಂಬನ್ನು ಬೆಲ್ಟಿನ ಕೆಳಗೆ ಸಿಕ್ಕಿಸಿ, ಮೇಷ್ಟ್ರನ್ನು ಕೂರಿಸಿಕೊಂಡು ಹೊರಟಳು. ದಾರಿಯಲ್ಲಿ ಒಬ್ಬ ಸಿಗ್ನಲ್ ಹಾರಿಸಿಕೊಂಡು ಅಡ್ಡ ಬಂದ. ಮೇಷ್ಟ್ರು ಬೈಗುಳಕ್ಕೆ ಕಿವಿ ತೆರೆದು ಕಾದರು. ಅವಳು ತುಟಿ ಬಿಚ್ಚಲಿಲ್ಲ. ಅವರ ಮೇಲಿನ ಸಿಟ್ಟು ಇನ್ನೂ ಇಳಿದಿರಲಿಲ್ಲ. ಆಸ್ಪತ್ರೆಯ ಗೇಟಿನವರೆಗೂ ಹಾಗೇ ಬಿಗಿದುಕೊಂಡು ಹೋದಳು. ಅಲ್ಲಿ ಇಳಿದು, ಅವರ ಚೀಲ ಎತ್ತಿಕೊಂಡು, ಇನ್ನೊಂದು ಕೈಯನ್ನು ಅವರತ್ತ ಚಾಚಿದಳು.