ಯಾವ ಕ್ಲಬ್ಬಿನ ದಮ್ಮು ಮೇಲು

ಗೆಳೆಯರೇ, ಇವತ್ತು ರಾಯಚೂರಿನ ದಮ್ಮಿನ ಡಾಕ್ಟರ ಹತ್ತಿರ ಕಬಡ್ಡಿ ನಡೆಯಿತು.

ದೇವದುರ್ಗದ ನಮ್ಮ ಭೀಮಣ್ಣ ಮಾವನನ್ನು ತೋರಿಸಲು ಕರೆತಂದಿದ್ದೆ. ಪಕ್ಕದಲ್ಲಿ ಏದುಸಿರು ಬಿಡುತ್ತ ಕೂತವರು ಮಾನ್ವಿಯ ಮೌಲಾಸಾಬರು. ಎಂಬತ್ತನೇ ಇಸವಿಯ ಸುಮಾರಿಗೆ ಇಬ್ಬರೂ ತಮ್ಮ ತಮ್ಮ ಊರಿನ ಕಬಡ್ಡಿ ಕ್ಲಬ್ಬಿನ ಹುಲಿಗಳು. ಇವರ ಫೈನಲ್ ಪಂದ್ಯ ಜಗಳವಾಗಿ ಅರ್ಧಕ್ಕೆ ನಿಂತಿತ್ತಂತೆ. ಯಾವ ಕ್ಲಬ್ ಮೇಲು ಎಂಬುದು ಇನ್ನೂ ತೀರ್ಮಾನವಾಗಿಲ್ಲ.

“ನಿಮ್ದೇನು ಸ್ಟ್ಯಾಂಡರ್ಡ್ ಸಾಬ್? ಎಮ್ಮಿ ಕಟ್ಟೋ ಜಾಗದಾಗ ಆಡ್ತಿದ್ರಿ,” ಎಂದರು ಮಾವ.

“ನೀವು ಉಸುಕಿನ್ಯಾಗ ಆಡ್ತಿದ್ರಿ, ಬಿದ್ರ ನೋವಾಗಬಾರದಂತ. ದಮ್ ಇದ್ರ ಈಗ ಕಬಡ್ಡಿ ಅನ್ನು ಭೀಮಣ್ಣ, ಒಂದೇ ಉಸಿರಿನ್ಯಾಗ.”

ಮಾವ ಎದ್ದು ನಿಂತು ಎರಡು ಸಲ “ಕಬಡ್ಡಿ” ಎನ್ನುವಷ್ಟರಲ್ಲಿ ಕೆಮ್ಮು ಹತ್ತಿತು. ಸಾಬರಿಗೆ ನಗು ಬಂತು, ನಗುವಿನ ಬೆನ್ನಿಗೆ ಅವರಿಗೂ ಕೆಮ್ಮು. ನರ್ಸಮ್ಮ ಬೈದು ಇಬ್ಬರನ್ನೂ ಒಟ್ಟಿಗೇ ಒಳಗೆ ಕಳಿಸಿದರು.

ಡಾಕ್ಟರು ಇಬ್ಬರಿಗೂ ಒಂದೇ ಔಷಧಿ ಬರೆದರು, ಬಾಯಲ್ಲಿಟ್ಟು ಎಳೆದುಕೊಳ್ಳುವ ಪಂಪು. ಮಾವನಿಗೆ ಹೊತ್ತಿಗೆ ಒಂದು ಸಲ, ಸಾಬರಿಗೆ ಎರಡು ಸಲ.

ಹೊರಗೆ ಬಂದ ಮಾವನ ಮುಖ ಅರಳಿತ್ತು. “ನೋಡಿದೇನು ಸಾಬ್, ನನಗ ಒಂದ ಸಾಕಂತ. ದೇವದುರ್ಗಾನೇ ಮ್ಯಾಲಂತ ಡಾಕ್ಟರೇ ಬರದುಕೊಟ್ರು.”

ಸಾಬರು ಚೀಟಿಯನ್ನು ಮಡಿಚಿ ಜೇಬಿಗಿಳಿಸಿದರು. “ಎರಡು ಎಳಿಯೋ ದಮ್ ಯಾರಿಗದ ಅನ್ನೋದು ಡಾಕ್ಟರಿಗೆ ಗೊತ್ತದ, ಭೀಮಣ್ಣ.”

ಈಗ ಮಾವ ತನಗೂ ಎರಡು ಬರೆಸಬೇಕೆಂದು ಮತ್ತೆ ಪಾಳಿಗೆ ಕೂತಿದ್ದಾರೆ. ಇದು ಕಾಯಿಲೆಯ ಪ್ರಶ್ನೆಯಲ್ಲವಂತೆ, ಊರಿನ ಮರ್ಯಾದೆಯದಂತೆ.