ಹಾಸು ಮೊದಲು ಎಂದ ಪೈಲಟ್

ಹಾಡಹಗಲು, ಮನೆಯೊಳಗೆ, ಬನಿಯನ್ನು, ಚೌಕಳಿ ಲುಂಗಿಯಲ್ಲಿ ಕೂತು ಕಣ್ಣಿಗೆ ಕಪ್ಪು ಕನ್ನಡಕ ಏರಿಸಿಕೊಂಡ ಮನುಷ್ಯನನ್ನು ನೀವು ನೋಡಿದ್ದೀರೋ ಇಲ್ಲವೋ, ನಾನು ನೋಡಿದ್ದೇನೆ. ಹೊಟ್ಟೆ ಮೇಜಿನ ಅಂಚಿಗೆ ಒತ್ತಿ ಒತ್ತಿ ಬನಿಯನ್ನಿನ ಮೇಲೆ ಅಡ್ಡಕ್ಕೊಂದು ಕಪ್ಪು ಗೆರೆ ಬಿದ್ದಿರುತ್ತಿತ್ತು. ಅವರು ನಮ್ಮ ಭಾವ, ಅಕ್ಕನ ಗಂಡ. ಹಾಗೆ ಕೂತು ಅವರು ಕಂಪ್ಯೂಟರಿನಲ್ಲಿ ವಿಮಾನ ಓಡಿಸುತ್ತಿದ್ದರು.

ದೊಡ್ಡಬಳ್ಳಾಪುರದಲ್ಲಿ ಅವರಿಗೆ ಪವರ್‌ಲೂಮ್ ಶೆಡ್ಡು, ಮುಂದುಗಡೆ ಸೀರೆ ಅಂಗಡಿ. ಎರಡೂ ಅವರಪ್ಪ ಕಟ್ಟಿದ್ದು. ಭಾವ ಸೇರಿಸಿದ್ದು ಅಂದರೆ ಬೋರ್ಡಿನಲ್ಲಿ ತಮ್ಮ ಹೆಸರಿನ ಮುಂದೆ ಬಿ.ಕಾಂ. ಅನ್ನೋದೊಂದೇ. ಮಗ್ಗದ ಮುಂದೆ ಒಂದು ದಿನ ನಿಂತವರಲ್ಲ, ಆದರೆ ಮಾತೆತ್ತಿದರೆ 'ನಾವು ಮಗ್ಗದ ಜನ'. ಯಲಹಂಕದ ಕಡೆಯಿಂದ ವಿಮಾನದ ಸದ್ದು ಬಂದರೆ ಸಾಕು, ಸೀರೆ ನೋಡುತ್ತಿದ್ದ ಗಿರಾಕಿಯನ್ನು ಅಲ್ಲೇ ಬಿಟ್ಟು ಬೀದಿಗೆ ಓಡಿ, ಅದು ಎಷ್ಟು ಎತ್ತರದಲ್ಲಿದೆ, ಎಷ್ಟು ವೇಗದಲ್ಲಿದೆ ಅಂತ ಹೇಳುವರು. ಯಾರೂ ಕೇಳಿರುತ್ತಿರಲಿಲ್ಲ.

ತೊಂಬತ್ತರ ದಶಕದ ಕೊನೆಯ ವರ್ಷಗಳವು. ನಾನು ಅದೇ ಅಂಗಡಿಯಲ್ಲಿ ಸೀರೆಗಳಿಗೆ ಡಿಸೈನ್ ಬರೆಯುತ್ತಿದ್ದೆ. ಅದಕ್ಕೆಂದೇ ಇನ್ನೊಂದು ಕಂಪ್ಯೂಟರ್ ತಂದಿದ್ದರು. ಪರದೆಯ ಮೇಲೆ ಚೌಕ ಚೌಕವಾಗಿ ಬಣ್ಣ ತುಂಬುವುದು, ಆಮೇಲೆ ಅದನ್ನು ನೋಡಿಕೊಂಡು ರಟ್ಟಿಗೆ ತೂತು ಹೊಡೆದು ಮಗ್ಗಕ್ಕೆ ಏರಿಸುವುದು. ಆ ವರ್ಷ ಹುಣಸೆ ಚಿಗುರಿನ ಒಂದು ಅಂಚು ಬರೆಯುತ್ತಿದ್ದೆ. ಯಾರದನ್ನೂ ನೋಡಿ ಬರೆದಿದ್ದಲ್ಲ, ಪೂರ್ತಿ ನನ್ನದೇ. ಮದುವೆ ಸೀಸನ್ನಿಗೆ ಅದನ್ನೇ ನೇಯಿಸೋಣ ಅಂತ ನೇಕಾರರೂ ಒಪ್ಪಿದ್ದರು. ಮುಗಿಯದಿದ್ದರೆ ಹೋದ ವರ್ಷದ ಹಳೇ ಅಂಚೇ ಗತಿ.

ಅಷ್ಟರಲ್ಲಿ ಭಾವನಿಗೆ ನಕ್ಷೆಯ ಹುಚ್ಚು ಹಿಡಿಯಿತು. ಬೆಂಗಳೂರಿನ ಎಸ್.ಪಿ. ರೋಡಿನಿಂದ ಒಂದು ಸಿ.ಡಿ. ತಂದರು. ಒಂದು ಕಂಪ್ಯೂಟರಿನಲ್ಲಿ ವಿಮಾನ ಹಾರುತ್ತಿದ್ದರೆ ಪಕ್ಕದ ಕಂಪ್ಯೂಟರಿನಲ್ಲಿ ನಕ್ಷೆ ಅದರ ಜೊತೆಗೇ ಸರಿಯುತ್ತಾ ಹೋಗುತ್ತದಂತೆ, ನಾವು ಯಾವ ಊರಿನ ಮೇಲಿದ್ದೇವೆ ಅಂತ ತೋರಿಸುತ್ತದಂತೆ. ಪಕ್ಕದ ಕಂಪ್ಯೂಟರ್ ಯಾವುದು? ನನ್ನದೇ. ಎತ್ತಿಕೊಂಡು ಹೋಗಿ ತಮ್ಮ ಮೇಜಿನ ಮೇಲಿಟ್ಟು ಎರಡಕ್ಕೂ ವೈರು ಎಳೆದರು. ನಕ್ಷೆ ಸರಿಹೋಗುವವರೆಗೆ ಸೀರೆ ಗೀರೆ ಎಲ್ಲ ಆಮೇಲೆ ಅಂದುಬಿಟ್ಟರು.

ಹೊರಡುವ ಜಾಗ ಯಾವುದು ಅಂತ ವಿಮಾನಕ್ಕೆ ಅಂಕಿಯಲ್ಲಿ ಹೇಳಬೇಕಿತ್ತು. ಅಕ್ಷಾಂಶ ಯಾವುದು, ರೇಖಾಂಶ ಯಾವುದು ಅಂತ ಈ ಬಿ.ಕಾಂ. ಮಹಾಶಯರು ನನ್ನನ್ನು ಕೇಳಿದರು. ರೇಖಾಂಶ ಉದ್ದಕ್ಕೆ, ನಮ್ಮ ಹಾಸಿನ ದಾರದ ಹಾಗೆ. ಅಕ್ಷಾಂಶ ಅಡ್ಡಕ್ಕೆ, ಹೊಕ್ಕಿನ ದಾರದ ಹಾಗೆ ಅಂದೆ. ಅರ್ಥವಾಗಲಿ ಅಂತ ಹೇಳಿದ್ದು. ಅದನ್ನೇ ಹಿಡಿದುಕೊಂಡರು. ಮೊದಲನೇ ಖಾನೆಯಲ್ಲಿ ಹಾಸು, ಅಂದರೆ ನಮ್ಮೂರಿನ ರೇಖಾಂಶ ಎಪ್ಪತ್ತೇಳು. ಎರಡನೆಯದರಲ್ಲಿ ಹೊಕ್ಕು, ಅಂದರೆ ಅಕ್ಷಾಂಶ ಹದಿಮೂರು. ಖಾನೆಗಳು ಕೇಳುತ್ತಿದ್ದದ್ದು ತಿರುಗಾಮುರುಗಾ. ದೊಡ್ಡಬಳ್ಳಾಪುರ ಸೀದಾ ಹೋಗಿ ಉತ್ತರ ಧ್ರುವದ ಹತ್ತಿರ ಸಮುದ್ರದಲ್ಲಿ ಬಿತ್ತು.

ಅಂಕಿ ಅದಲುಬದಲಾಗಿದೆ, ಅಡ್ಡದ್ದು ಮೊದಲು ಬರಬೇಕು ಅಂದೆ.

"ಹಾಸು ಕಟ್ಟದೇ ಹೊಕ್ಕು ಹೊಡಿಯೋಕಾಗ್ತದಾ? ಮಗ್ಗದ ಮನೇಲಿ ಹುಟ್ಟಿದೋನು ಕಣಮ್ಮ ನಾನು, ನನಗೆ ಹೇಳಿಕೊಡಬೇಡ."

ವೈರು ಬದಲಾಯಿಸಿದರು. ಕರೆಂಟಿನವರನ್ನು ಬೈದರು, ಸಿ.ಡಿ. ಕೊಟ್ಟವನ ವಂಶವನ್ನೆಲ್ಲ ಬೈದರು. ನಕ್ಷೆಯಲ್ಲಿ ಮಾತ್ರ ಬರೀ ನೀಲಿ. ನೂಲಿನ ವ್ಯಾಪಾರಿ ಬಂದು ಇದೇನು ಸ್ವಾಮಿ ಎಲ್ಲಾ ನೀರೇ ಅಂದರೆ, ನಮ್ಮ ಪೈಲಟ್ ಸಾಹೇಬರು ಕನ್ನಡಕ ಸರಿಮಾಡಿಕೊಂಡು, ಮಂಗಳೂರು ಕಡೆ ಬಂದಿದೀನಿ ಅಂದರು. ಕರ್ಮ! ವಾರಗಟ್ಟಲೆ ಹಿಮದ ಸಮುದ್ರದ ಮೇಲೆ ಮಂಗಳೂರು ಹುಡುಕಿದ ಮನುಷ್ಯ ಭೂಮಿಯ ಮೇಲೆ ಇವರೊಬ್ಬರೇ ಇರಬೇಕು. ಇತ್ತ ಮದುವೆ ಸೀಸನ್ನು ಹತ್ತಿರ ಬರುತ್ತಿತ್ತು, ನನ್ನ ಅಂಚು ಅರ್ಧಕ್ಕೇ ನಿಂತಿತ್ತು.

ಕಡೆಗೆ ಅವರು ಊಟಕ್ಕೆ ಎದ್ದಾಗ ಎರಡು ಚೀಟಿ ಬರೆದು ಪರದೆಗೆ ಅಂಟಿಸಿದೆ. ಮೊದಲ ಖಾನೆಯ ಪಕ್ಕ 'ಹೊಕ್ಕು', ಎರಡನೆಯದರ ಪಕ್ಕ 'ಹಾಸು'. ಅಷ್ಟೇ. ಊಟ ಮುಗಿಸಿ ಬಂದವರು ಅದರಂತೆಯೇ ತುಂಬಿದರು. ಹೇಳಿದ್ದು ನಾನಾದರೆ ತಪ್ಪು, ಚೀಟಿಯಾದರೆ ಸರಿ! ನೀಲಿ ಹೋಗಿ ಹಸಿರು ಬಂತು, ಅದರ ಕೆಳಗೆ ಬೆಂಗಳೂರು ಅನ್ನೋ ಚುಕ್ಕಿ ಬಂತು. ನಮ್ಮೂರಿಗೆ ಹೆಸರಿರಲಿಲ್ಲ, ಆದರೆ ವಿಮಾನದ ಗುರುತು ಸರಿಯಾಗಿ ನಮ್ಮೂರಿರಬೇಕಾದ ಕಡೆ ಕೂತಿತ್ತು. ಭಾವ ಕಪ್ಪು ಕನ್ನಡಕ ತೆಗೆದರು. ಅಕ್ಕನನ್ನು ಅಡಿಗೆಮನೆಯಿಂದ ಕೂಗಿ, ನೋಡು ನಾನೇ ಕೂರಿಸಿದೆ ಅಂದರು.

ಇನ್ನಾದರೂ ಕಂಪ್ಯೂಟರ್ ಕೊಡಿ ಭಾವ, ಅಂಚು ಮುಗಿಸಬೇಕು ಅಂದೆ.

"ಯಾವುದು, ಆ ಗೀಟು ಗೀಟು ಇತ್ತಲ್ಲ ಅದಾ? ಜಾಗ ಸಾಲ್ತಿರಲಿಲ್ಲ, ನಕ್ಷೆ ಹಾಕೋವಾಗ್ಲೇ ಅಳಿಸಿಬಿಟ್ಟೆ," ಅಂದರು, ಪರದೆಯಿಂದ ಕಣ್ಣೂ ತೆಗೆಯದೆ.

ನಾನು ಅಲ್ಲೇ ಅತ್ತುಬಿಟ್ಟೆ. ಅಕ್ಕ ನನ್ನ ಕೈ ಹಿಡಿದುಕೊಂಡು ಗಂಡನ ಬೆನ್ನನ್ನೇ ನೋಡುತ್ತಾ ನಿಂತಿದ್ದಳು. ಆ ಸೀಸನ್ನಿಗೆ ಹಳೇ ಅಂಚೇ ಹೋಯಿತು. ನಾನು ಕೆಲಸ ಬಿಟ್ಟೆ. ಮನೆಯಲ್ಲಿ ಗ್ರಾಫ್ ಹಾಳೆ ಹರಡಿಕೊಂಡು ಹುಣಸೆ ಚಿಗುರನ್ನು ನೆನಪಿನಿಂದಲೇ ಮತ್ತೆ ಬರೆದೆ, ಬೇರೆಯವರ ಮಗ್ಗಕ್ಕೆ ಕೊಟ್ಟೆ. ಮರುವರ್ಷ ಭಾವ ಪೇಟೆಯಿಂದ ಅಕ್ಕನಿಗೊಂದು ಸೀರೆ ತಂದು ನನ್ನ ಮುಂದೆಯೇ ಬಿಚ್ಚಿ, ಬರೆದರೆ ಇಂಥಾ ಅಂಚು ಬರೀಬೇಕು ನೋಡು ಅಂದರು. ನನ್ನದೇ ಅಂಚು. ಯಾರ ಹತ್ತಿರ ಹೇಳುವುದು?

ಭಾವ ತೀರಿಕೊಂಡಾಗ ದೇವನಹಳ್ಳಿಯ ವಿಮಾನ ನಿಲ್ದಾಣ ಇನ್ನೂ ಬರೀ ಮಾತಾಗಿತ್ತು. ಒಂದು ಸಲವೂ ನಿಜವಾದ ವಿಮಾನ ಹತ್ತಲಿಲ್ಲ ಪುಣ್ಯಾತ್ಮ. ಸಾವಿಗೆ ಬಂದವರೆಲ್ಲ ಪೈಲಟ್ ಆಗಬೇಕಾಗಿದ್ದ ಮನುಷ್ಯ ಅಂತ ಕಣ್ಣೊರೆಸಿಕೊಂಡರು. ನನಗೆ ನಗು ತಡೆಯುವುದೇ ಕಷ್ಟವಾಯಿತು.

ಎಷ್ಟೋ ವರ್ಷದ ಮೇಲೆ ಸೀರೆ ಪ್ರದರ್ಶನಕ್ಕೆಂದು ದೇವನಹಳ್ಳಿಯಿಂದಲೇ ನಾನು ಮೊದಲ ಸಲ ವಿಮಾನ ಹತ್ತಿದೆ. ಉಟ್ಟಿದ್ದು ಹುಣಸೆ ಚಿಗುರಿನ ಸೀರೆ. ಮುಂದಿನ ಸೀಟಿನ ಬೆನ್ನಿನಲ್ಲಿ ಒಂದು ಪುಟ್ಟ ಪರದೆ. ಅದರಲ್ಲಿ ಅದೇ ಸರಿಯುವ ನಕ್ಷೆ, ಅದೇ ಪುಟ್ಟ ವಿಮಾನ. ಕೆಳಗೆ ಎರಡು ಅಂಕಿ. ಪಕ್ಕದಲ್ಲಿದ್ದ ಹೆಂಗಸು ಇದೇನಮ್ಮ ನಂಬರು ಅಂತ ಕೇಳಿದರು. ಮೊದಲಿನ ಹದಿಮೂರು ಅನ್ನೋದು ಅಡ್ಡಕ್ಕೆ, ಆಮೇಲಿನ ಎಪ್ಪತ್ತೇಳು ಉದ್ದಕ್ಕೆ, ಈಗ ನಮ್ಮೂರ ಹತ್ತಿರವೇ ಇದ್ದೀವಿ ಅಂತ ಹೇಳಿಕೊಟ್ಟೆ. ನಮ್ಮೂರಿನ ಅಂಕಿ ನನಗೆ ಬಾಯಿಪಾಠವಾದದ್ದು ಆ ಮೊಂಡನಿಂದ, ಇಲ್ಲ ಅನ್ನಲಾರೆ.

ಹೊಕ್ಕೇ ಮೊದಲು, ನೋಡಿ ಭಾವ, ಅಂತ ಬಾಯಿಗೆ ಬಂತು. ತೋರಿಸೋಣ ಅಂದರೆ ಆ ಮನುಷ್ಯನೇ ಇಲ್ಲ. ಅಂಚು ಅಳಿಸಿದಾಗ ಬಂದಿದ್ದಕ್ಕಿಂತ ಹೆಚ್ಚು ಸಿಟ್ಟು ಆಗ ಬಂತು ಅವರ ಮೇಲೆ.